ಗಣಿಯ ಸುತ್ತಲಿನ ಬಾವಿಗಳು: ನೀರಿನ ಮಟ್ಟದ ಲೆಕ್ಕ

ಮುಂಬಯಿಯ ಬೈಕುಲ್ಲಾ ಭಾಗದಲ್ಲಿ ವಾಸಿಸುವ ಬಹುತೇಕ ಜನರಿಗೆ ಬಾವಿ ಎಂಬುದು ಇಂದು ನಿತ್ಯಜೀವನದ ವಸ್ತುವಲ್ಲ. ನಲ್ಲಿಯಲ್ಲಿ ನೀರು ಬರುತ್ತದೆ. ಬಾರದ ದಿನ ಟ್ಯಾಂಕರನ್ನು ಕಾಯಬೇಕಾಗುತ್ತದೆ. 1860ರಲ್ಲಿ ವಿಹಾರ್ ಕೆರೆಯ ನೀರು ಕೊಳವೆಗಳ ಮೂಲಕ ನಗರಕ್ಕೆ ಹರಿದುಬರುವುದಕ್ಕೆ ಮುನ್ನ ಇಲ್ಲಿಯ ಜನರೂ ಬಾವಿ ಮತ್ತು ಕೆರೆಗಳನ್ನೇ ನೆಚ್ಚಿಕೊಂಡಿದ್ದರು. ನಲ್ಲಿಯ ನೀರು ಬಂದ ಮೇಲೂ ಬಾವಿಗಳು ಕೆಲಕಾಲ ಉಳಿದುಕೊಂಡವು. ಆದರೆ ಮಲೇರಿಯಾ ಹರಡುವ ಸೊಳ್ಳೆಗಳು ನಗರದ ಬಾವಿಗಳಲ್ಲಿ ಮೊಟ್ಟೆಯಿಡುತ್ತವೆಂಬುದನ್ನು ಡಾಕ್ಟರ್ ಬೆಂಟ್ಲಿಯವರ 1911ರ ವರದಿ ಸ್ಪಷ್ಟಪಡಿಸಿದ ನಂತರ ಅನೇಕ ಬಾವಿಗಳನ್ನು ಮುಚ್ಚಲಾಯಿತು. ಚರ್ಚ್‌ಗೇಟ್ ಸಮೀಪದಲ್ಲಿ 1725ರಲ್ಲಿ ತೋಡಲಾದ ಭೀಖಾ ಬೆಹ್ರಾಮ್ ಬಾವಿಯಂತಹ ಕೆಲವು ಮಾತ್ರ ಶ್ರದ್ಧೆಯ ಬಲದಿಂದ ಉಳಿದವು. ಬಾವಿಗೆ ಬಗ್ಗಿ ನೋಡಿ ನೀರು ಎಷ್ಟು ಕೆಳಗಿದೆಯೆಂದು ಅಂದಾಜು ಮಾಡುವ ಅಭ್ಯಾಸವೂ ನಗರವಾಸಿಗಳಲ್ಲಿ ಅದರೊಂದಿಗೇ ಮರೆಯಾಯಿತು.

ಬಾವಿ ಮರೆಯಾದರೂ ಕಲ್ಲಿದ್ದಲಿನೊಂದಿಗೆ ಈ ನಗರಭಾಗಕ್ಕೆ ಬಹು ಹಳೆಯ ಸಂಬಂಧವಿದೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ರೈಲು ಬೈಕುಲ್ಲಾದ ಮೂಲಕವೇ ಸಾಗಿತು. ಮುಂದೆ ಇಲ್ಲಿ ತಲೆಯೆತ್ತಿದ ಹತ್ತಿ ಗಿರಣಿಗಳ ಬಾಯ್ಲರುಗಳಿಗೂ ಕಲ್ಲಿದ್ದಲೇ ಆಹಾರವಾಗಿತ್ತು. ಮೊದಲು ಹಡಗುಗಳಲ್ಲಿ ಇಂಗ್ಲೆಂಡಿನಿಂದ ಬರುತ್ತಿದ್ದ ಕಲ್ಲಿದ್ದಲಿಗೆ ಬದಲಾಗಿ ದೇಶದ ಒಳಗಿನ ಕಲ್ಲಿದ್ದಲನ್ನು ಹುಡುಕುವ ಕಾರ್ಯ ನಡೆದಾಗ, ಇಂದಿನ ಮಹಾರಾಷ್ಟ್ರದ ಪೂರ್ವಭಾಗದಲ್ಲಿರುವ ಚಂದ್ರಪುರ ಜಿಲ್ಲೆಯ ವರೋರಾ ಗಣಿ 1870ರ ದಶಕದಲ್ಲಿ ಕೆಲಸ ಆರಂಭಿಸಿತು. ವಾರ್ಧಾದಿಂದ ವರೋರಾಕ್ಕೆ ರೈಲುಮಾರ್ಗವನ್ನು ಹಾಕಿದ್ದೇ ಆ ಕಲ್ಲಿದ್ದಲನ್ನು ತರುವುದಕ್ಕಾಗಿ. ವರೋರಾ ಗಣಿ 1906ರಲ್ಲಿ ಮುಚ್ಚಿತು. ಆದರೆ ವಾರ್ಧಾ ನದಿಯ ಕಣಿವೆಯಲ್ಲಿ ಕಲ್ಲಿದ್ದಲು ತೆಗೆಯುವ ಕೆಲಸ ನಿಲ್ಲಲಿಲ್ಲ. 1973ರ ರಾಷ್ಟ್ರೀಕರಣದ ನಂತರ, 1975ರಲ್ಲಿ ಸ್ಥಾಪಿತವಾದ ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಸಂಸ್ಥೆ ನಾಗಪುರವನ್ನು ಕೇಂದ್ರವಾಗಿಟ್ಟುಕೊಂಡು ಅಲ್ಲಿಯ ಹೆಚ್ಚಿನ ಗಣಿಗಳನ್ನು ನಡೆಸುತ್ತಿದೆ.

ಇದು ಮಹಾರಾಷ್ಟ್ರದ ವಿಷಯ, ಕನ್ನಡಿಗರಿಗೇನು ಎಂದು ಯಾರಾದರೂ ಕೇಳಬಹುದು. ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕೆ ಕಲ್ಲಿದ್ದಲು ಬರುವ ಕ್ಷೇತ್ರಗಳಲ್ಲಿ ಇದೂ ಒಂದು. ಅಷ್ಟೇ ಅಲ್ಲದೆ, ಚಂದ್ರಪುರ ಜಿಲ್ಲೆಯ ಭದ್ರಾವತಿ ತಾಲೂಕಿನಲ್ಲಿ (ಇದು ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲ) ಬರಾಂಜ್ ಎಂಬಲ್ಲಿರುವ ತೆರೆದ ಗಣಿ ಕರ್ನಾಟಕ ವಿದ್ಯುತ್ ನಿಗಮಕ್ಕೆ ಸೇರಿದ್ದು. ಬಳ್ಳಾರಿ ಜಿಲ್ಲೆಯ ಕುಡತಿನಿಯ ವಿದ್ಯುತ್ ಕೇಂದ್ರದ ಅಗತ್ಯಕ್ಕಾಗಿ ಪಡೆದ ಗಣಿ ಅದು. 2014ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದ 204 ಕಲ್ಲಿದ್ದಲು ನಿಕ್ಷೇಪಗಳ ಹಂಚಿಕೆಯನ್ನು ರದ್ದುಪಡಿಸಿದಾಗ ಬರಾಂಜ್ ಕೂಡ ಅವುಗಳಲ್ಲಿ ಸೇರಿತ್ತು. 2015ರಲ್ಲಿ ಅದನ್ನು ಮತ್ತೆ ಅದೇ ನಿಗಮಕ್ಕೆ ಹಂಚಲಾಯಿತು. ಆದ್ದರಿಂದ ಕರ್ನಾಟಕದ ಮನೆಗಳಲ್ಲಿ ಉರಿಯುವ ದೀಪಕ್ಕೂ ವಿದರ್ಭದ ಹಳ್ಳಿಯೊಂದರ ಬಾವಿಯ ನೀರಿಗೂ ನಡುವೆ ಇರುವ ಸಂಬಂಧ ಊಹೆಯದಲ್ಲ.

ಕಲ್ಲಿದ್ದಲನ್ನು ತೆಗೆದರೆ ಬಾವಿಯ ನೀರು ಇಳಿಯುವುದೇಕೆ? ವಾರ್ಧಾ ಕಣಿವೆಯ ಕಲ್ಲಿದ್ದಲು ಗೊಂಡ್ವಾನಾ ಶಿಲಾಸಮೂಹದ ಬರಾಕರ್ ಎಂಬ ಸ್ತರದಲ್ಲಿದೆ. ಅದರ ಮೇಲೆ ಅನೇಕ ಕಡೆಗಳಲ್ಲಿ ಕಾಮಠಿ ಮರಳುಗಲ್ಲಿನ ಹಾಸು ಇದೆ. ಮರಳುಗಲ್ಲಿನ ಕಣಗಳ ನಡುವಿನ ಸೂಕ್ಷ್ಮ ಸಂದುಗಳಲ್ಲಿ ಮಳೆಯ ನೀರು ಇಂಗಿ ನಿಲ್ಲುತ್ತದೆ. ಹಳ್ಳಿಯ ತೆರೆದ ಬಾವಿಗಳಿಗೆ ಒರತೆಯಾಗಿ ಬರುವುದು ಇಂತಹ ಮೇಲಿನ ಪದರಗಳ ನೀರೇ. ಕಲ್ಲಿದ್ದಲನ್ನು ತಲುಪಬೇಕಾದರೆ ಈ ಜಲಧಾರಕ ಪದರವನ್ನು ಕತ್ತರಿಸಿಕೊಂಡೇ ಕೆಳಗಿಳಿಯಬೇಕು. ಗಣಿಯ ತಳ ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಹೋದೊಡನೆ ಸುತ್ತಲಿನ ನೀರು ಗೋಡೆಗಳಿಂದ ಒಸರಿ ಗಣಿಗೆ ಹರಿಯತೊಡಗುತ್ತದೆ. ಆ ನೀರನ್ನು ತಳದ ಒಂದು ಗುಂಡಿಯಲ್ಲಿ ಕೂಡಿಸಿ ಹಗಲಿರುಳು ಪಂಪು ಮಾಡಿ ಹೊರಹಾಕದಿದ್ದರೆ ಯಂತ್ರಗಳು ಕೆಲಸ ಮಾಡಲಾರವು. ಬೇರೆ ಮಾತಿನಲ್ಲಿ ಹೇಳುವುದಾದರೆ, ತೆರೆದ ಗಣಿಯೆಂಬುದು ಎಂದೂ ತುಂಬಲು ಬಿಡದ ಒಂದು ಬೃಹತ್ ಬಾವಿ.

ಬೇಸಿಗೆಯಲ್ಲಿ ತೋಟದ ಬಾವಿಗೆ ದೊಡ್ಡ ಪಂಪು ಕೂರಿಸಿದಾಗ ಪಕ್ಕದ ಮನೆಯ ಬಾವಿ ಇಳಿಯುವುದನ್ನು ಕರಾವಳಿಯಲ್ಲಾಗಲಿ ಬಯಲುಸೀಮೆಯಲ್ಲಾಗಲಿ ಎಲ್ಲರೂ ಕಂಡವರೇ. ಗಣಿಯ ಸುತ್ತಲೂ ಆಗುವುದು ಅದೇ, ಪ್ರಮಾಣ ಮಾತ್ರ ದೊಡ್ಡದು. ನೀರಿನ ಮಟ್ಟ ಗಣಿಯ ಬಳಿ ಬಹಳ ಕೆಳಗಿದ್ದು, ದೂರ ಹೋದಂತೆ ಕ್ರಮೇಣ ಮೇಲೇರುತ್ತ, ಕೊನೆಗೆ ಸಹಜ ಮಟ್ಟವನ್ನು ಸೇರುತ್ತದೆ. ಕೊಳವೆಯ ಬಾಯಿಗೆ ಇಡುವ ಆಲಿಕೆಯ ಆಕಾರವನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಈ ಆಲಿಕೆಯ ಅಂಚು ಎಷ್ಟು ದೂರ ಹರಡುತ್ತದೆ ಎಂಬುದೇ ಹಳ್ಳಿಗಳಿಗೆ ಮುಖ್ಯವಾದ ಪ್ರಶ್ನೆ. ಯೋಜನಾ ವರದಿಗಳಲ್ಲಿ ಇದನ್ನು ಅಂದಾಜು ಮಾಡಲು ಸಿಖಾರ್ಟ್ ಸೂತ್ರವನ್ನು ಬಳಸುವ ರೂಢಿಯಿದೆ. ನೀರಿನ ಮಟ್ಟವನ್ನು ಎಷ್ಟು ಮೀಟರ್ ಇಳಿಸಲಾಗುತ್ತದೆಯೋ ಅದನ್ನು, ಸೆಕೆಂಡಿಗೆ ಇಂತಿಷ್ಟು ಮೀಟರ್ ಎಂದು ಹೇಳುವ ಶಿಲೆಯ ಜಲವಾಹಕತೆಯ ವರ್ಗಮೂಲದಿಂದಲೂ 3000ದಿಂದಲೂ ಗುಣಿಸಿದರೆ ಪ್ರಭಾವದ ದೂರ ಮೀಟರುಗಳಲ್ಲಿ ದೊರೆಯುತ್ತದೆ. ಮಟ್ಟವನ್ನು 30 ಮೀಟರ್ ಇಳಿಸಿದಾಗ, ಜಲವಾಹಕತೆ ಹತ್ತು ಲಕ್ಷದಲ್ಲಿ ಒಂದು ಭಾಗವಾಗಿದ್ದರೆ ಈ ದೂರ 90 ಮೀಟರ್. ಅದೇ ಹತ್ತು ಸಾವಿರದಲ್ಲಿ ಒಂದು ಭಾಗವಾಗಿದ್ದರೆ 900 ಮೀಟರ್. ಶಿಲೆಯ ಗುಣವನ್ನು ಅಳೆಯುವಲ್ಲಿ ಆಗುವ ತಪ್ಪು ಒಂದು ಇಡೀ ಹಳ್ಳಿಯನ್ನು ಪ್ರಭಾವದ ವಲಯದ ಒಳಗೆ ಅಥವಾ ಹೊರಗೆ ಇಡಬಲ್ಲದು. ಬಿರುಕುಗಳು ಮತ್ತು ಸ್ತರಭಂಗಗಳು ಇರುವಲ್ಲಿ ಆಲಿಕೆ ದುಂಡಗೆ ಇರುವುದೂ ಇಲ್ಲ. ಒಂದು ದಿಕ್ಕಿನಲ್ಲಿ ಚಾಚಿಕೊಂಡು ಇನ್ನೊಂದು ದಿಕ್ಕಿನಲ್ಲಿ ನಿಂತುಬಿಡುತ್ತದೆ. ಆದಕಾರಣ ಸೂತ್ರದ ಉತ್ತರವನ್ನು ಅಂತಿಮವೆಂದು ಒಪ್ಪಲಾಗದು. ಬಾವಿಗಳಲ್ಲಿ ಇಳಿದು ನಿಂತ ನೀರು ಹೇಳುವುದೇ ನಿಜ.

ಅದನ್ನು ಕೇಳಿ ತಿಳಿಯುವ ಕ್ರಮಕ್ಕೆ ಅಂತರ್ಜಲ ಮಟ್ಟದ ವೀಕ್ಷಣೆ ಎಂದು ಹೆಸರು. ಹಳ್ಳಿಯ ಹೆಂಗಸರು ಇದನ್ನು ತಮ್ಮದೇ ರೀತಿಯಲ್ಲಿ ಹಿಂದಿನಿಂದಲೂ ಮಾಡುತ್ತ ಬಂದಿದ್ದಾರೆ. ಕೊಡದ ಹಗ್ಗಕ್ಕೆ ಯಾವ ತಿಂಗಳು ಇನ್ನೊಂದು ಮಾರು ಸೇರಿಸಬೇಕಾಯಿತು ಎಂಬುದು ಅವರಿಗೆ ಬಾಯಿಪಾಠವಾಗಿರುತ್ತದೆ. ಈ ತಿಳಿವಳಿಕೆ ಕಡಿಮೆ ಬೆಲೆಯದಲ್ಲ. ಆದರೆ ಅದು ಕಾಗದದ ಮೇಲೆ ಇಲ್ಲ, ಇಸವಿ ತಾರೀಖುಗಳಿಲ್ಲ. ವಿವಾದ ಹುಟ್ಟಿದಾಗ ಅದನ್ನು ಸಾಕ್ಷ್ಯವೆಂದು ಎತ್ತಿ ತೋರಿಸುವುದು ಕಷ್ಟವಾಗುತ್ತದೆ.

ಶಾಸ್ತ್ರೀಯ ಅಳತೆಯೂ ಬಹಳ ಜಟಿಲವಾದುದೇನಲ್ಲ, ಬೇಕಾದದ್ದು ಶಿಸ್ತು. ಮೊದಲು ಬಾವಿಕಟ್ಟೆಯ ಮೇಲೆ ಒಂದು ಜಾಗವನ್ನು ಆರಿಸಿ ಬಣ್ಣದಿಂದ ಗುರುತು ಹಾಕಬೇಕು. ಪ್ರತಿಸಲವೂ ಅಳತೆ ಅಲ್ಲಿಂದಲೇ ಆರಂಭವಾಗತಕ್ಕದ್ದು. ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಹಚ್ಚಿ ಇಳಿಬಿಟ್ಟರೆ ಎಲ್ಲಿಯವರೆಗೆ ಒದ್ದೆಯಾಯಿತೆಂಬುದರಿಂದ ನೀರಿನ ಆಳ ತಿಳಿಯುತ್ತದೆ. ನೀರು ಮುಟ್ಟಿದಾಗ ಸದ್ದು ಮಾಡುವ ವಿದ್ಯುತ್ ಸೂಚಕಗಳೂ ಇವೆ. ಟೇಪು 9.35 ಮೀಟರ್ ತೋರಿಸಿ, ಕಟ್ಟೆಯ ಎತ್ತರ 0.80 ಮೀಟರ್ ಇದ್ದರೆ ನೀರು ನೆಲದಿಂದ 8.55 ಮೀಟರ್ ಕೆಳಗಿದೆ ಎಂದರ್ಥ. ಆ ಸ್ಥಳದ ನೆಲ ಸಮುದ್ರಮಟ್ಟದಿಂದ 210 ಮೀಟರ್ ಎತ್ತರದಲ್ಲಿದ್ದರೆ, ನೀರಿನ ಮಟ್ಟ 201.45 ಮೀಟರ್. ಈ ಕೊನೆಯ ಸಂಖ್ಯೆಯನ್ನು ಲೆಕ್ಕಹಾಕದೆ ಒಂದು ಬಾವಿಯನ್ನು ಇನ್ನೊಂದರೊಡನೆ ಹೋಲಿಸುವಂತಿಲ್ಲ. ದಿಬ್ಬದ ಮೇಲಿನ ಬಾವಿಯೂ ಹಳ್ಳದ ಬಳಿಯ ಬಾವಿಯೂ ಒಂದೇ ಆಳದವಾಗಿ ಕಂಡರೂ ನೀರು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಿದೆ ಎಂಬುದು ಎತ್ತರದ ಲೆಕ್ಕದಿಂದಷ್ಟೇ ಗೊತ್ತಾಗುತ್ತದೆ.

ಅಳತೆಯಲ್ಲಿ ಆಗುವ ತಪ್ಪುಗಳು ಸಣ್ಣವು, ಪರಿಣಾಮ ಮಾತ್ರ ದೊಡ್ಡದು. ಪಂಚಾಯತಿಯವರು ಬಾವಿಕಟ್ಟೆಯನ್ನು ದುರಸ್ತಿ ಮಾಡಿಸಿ ಒಂದು ಅಡಿ ಎತ್ತರಿಸಿದರೆ ಹಳೆಯ ಗುರುತು ಮರೆಯಾಗುತ್ತದೆ. ಅದನ್ನು ಗಮನಿಸದೆ ಅಳೆದವನ ಪುಸ್ತಕದಲ್ಲಿ ನೀರು ಒಂದು ಅಡಿ ಇಳಿದಂತೆ ಕಾಣುತ್ತದೆ. ಬೆಳಿಗ್ಗೆ ನೀರು ಸೇದುವ ಮುನ್ನ ಅಳೆಯಬೇಕಾದುದನ್ನು ಪಂಪು ನಡೆಯುತ್ತಿರುವ ಮಧ್ಯಾಹ್ನ ಅಳೆದರೂ ಹೀಗೆಯೇ. ಬತ್ತಿದ ಬಾವಿಯ ಎದುರು ಕೆಲವರು ಸೊನ್ನೆ ಬರೆಯುವುದುಂಟು. ಸೊನ್ನೆಯೆಂದರೆ ನೀರು ನೆಲದ ಮಟ್ಟದವರೆಗೂ ತುಂಬಿದೆ ಎಂದಾಗುತ್ತದೆ! ಅಲ್ಲಿ ‘ಒಣಗಿದೆ’ ಎಂದು ಬರೆದು ಬಾವಿಯ ಒಟ್ಟು ಆಳವನ್ನು ನಮೂದಿಸಬೇಕು. ಬತ್ತಿದ ಬಾವಿಗಳನ್ನು ಪಟ್ಟಿಯಿಂದಲೇ ಬಿಟ್ಟು ಉಳಿದವುಗಳ ಸರಾಸರಿ ತೆಗೆದರಂತೂ ಅತಿ ಹೆಚ್ಚು ಹಾನಿಯಾದ ವರ್ಷವೇ ಅತ್ಯಂತ ಸುಭಿಕ್ಷದ ವರ್ಷವಾಗಿ ಕಂಡೀತು.

ತೆರೆದ ಬಾವಿಗಳು ಮೇಲಿನ ಪದರದ ವಿಷಯವನ್ನಷ್ಟೇ ಹೇಳುತ್ತವೆ. ಕಲ್ಲಿದ್ದಲಿನ ಸಮೀಪದ ಆಳದ ಪದರಗಳಲ್ಲಿ, ಜೇಡಿಗಲ್ಲಿನ ಹಾಸುಗಳ ನಡುವೆ ಸಿಲುಕಿ ಒತ್ತಡದಲ್ಲಿರುವ ನೀರನ್ನು ಅಳೆಯಲು ಪೀಜೋಮೀಟರ್ ಎಂಬ ಕಿರಿದಾದ ವೀಕ್ಷಣಾ ಕೊಳವೆಗಳನ್ನು ಕೊರೆಯಲಾಗುತ್ತದೆ. ಇವು ನೀರು ಎತ್ತಲು ಅಲ್ಲ, ನೋಡಲು ಮಾತ್ರ. ಕೆಳಗಿನ ಪದರದಲ್ಲಿ ಮಟ್ಟ ಕುಸಿದು ಮೇಲಿನ ಬಾವಿಗಳಲ್ಲಿ ನೀರು ಇನ್ನೂ ನಿಂತಿರುವುದು ಸಾಧ್ಯ. ಅಂತಹ ಸ್ಥಿತಿ ಹಳ್ಳಿಗೆ ಮುನ್ನೆಚ್ಚರಿಕೆ ನೀಡುತ್ತದೆ. ಭೂಮಿಯೊಳಗಿನ ಸುರಂಗ ಗಣಿಗಳ ಸುತ್ತ ಇಂತಹ ಕೊಳವೆಗಳ ಅಗತ್ಯ ಇನ್ನೂ ಹೆಚ್ಚು. ಕಲ್ಲಿದ್ದಲು ತೆಗೆದ ಜಾಗದ ಮೇಲಿನ ಶಿಲೆ ಕುಸಿದು ಬಿರುಕು ಬಿಟ್ಟರೆ, ವರ್ಷಗಟ್ಟಲೆ ಅಲುಗದಿದ್ದ ಬಾವಿಯ ನೀರು ಹಠಾತ್ತನೆ ಇಳಿದುಹೋಗಬಹುದು.

ಕೇಂದ್ರ ಅಂತರ್ಜಲ ಮಂಡಳಿಯು ದೇಶಾದ್ಯಂತ ತನ್ನ ವೀಕ್ಷಣಾ ಬಾವಿಗಳ ಮಟ್ಟವನ್ನು ವರ್ಷಕ್ಕೆ ನಾಲ್ಕು ಬಾರಿ ಅಳೆಯುತ್ತದೆ. ಕಲ್ಲಿದ್ದಲು ಗಣಿಗಳಿಗೆ ನೀಡುವ ಪರಿಸರ ಅನುಮತಿಪತ್ರಗಳಲ್ಲಿಯೂ ಇದೇ ಕ್ರಮವನ್ನು ಷರತ್ತಾಗಿ ವಿಧಿಸುವ ಪದ್ಧತಿಯಿದೆ: ಇರುವ ಬಾವಿಗಳ ಜೊತೆಗೆ ಹೊಸ ಪೀಜೋಮೀಟರುಗಳನ್ನು ಸೇರಿಸಿ ಒಂದು ಜಾಲವನ್ನು ರಚಿಸಿ, ಮುಂಗಾರಿಗೆ ಮುನ್ನ ಮೇ ತಿಂಗಳಿನಲ್ಲಿ, ಮಳೆಗಾಲದ ಆಗಸ್ಟಿನಲ್ಲಿ, ಮಳೆ ಮುಗಿದ ನವೆಂಬರಿನಲ್ಲಿ, ಚಳಿಗಾಲದ ಜನವರಿಯಲ್ಲಿ ಮಟ್ಟವನ್ನು ಅಳೆದು ಸಂಬಂಧಪಟ್ಟ ಕಚೇರಿಗಳಿಗೆ ಸಲ್ಲಿಸಬೇಕು. 1997ರಲ್ಲಿ ರಚಿತವಾದ ಕೇಂದ್ರ ಅಂತರ್ಜಲ ಪ್ರಾಧಿಕಾರವು 2020ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಗಳು, ಗಣಿಯಿಂದ ಹೊರಹಾಕುವ ನೀರಿಗೂ ಅನುಮತಿಯನ್ನು ಕಡ್ಡಾಯಗೊಳಿಸಿವೆ. ತಾನಾಗಿಯೇ ಮಟ್ಟವನ್ನು ದಾಖಲಿಸುವ ಉಪಕರಣಗಳೂ ಈಗ ಬಳಕೆಗೆ ಬಂದಿವೆ.

ಇವೆಲ್ಲಕ್ಕಿಂತ ಮಹತ್ವದ ಇನ್ನೊಂದು ಷರತ್ತು ಅದೇ ಅನುಮತಿಪತ್ರಗಳಲ್ಲಿ ಕಂಡುಬರುತ್ತದೆ. ಗಣಿಯ ನೀರನ್ನು ಹೊರಹಾಕಿದ್ದರಿಂದ ಸಮೀಪದ ಹಳ್ಳಿಯ ಬಾವಿಗಳು ಬತ್ತಿದರೆ ಆ ಹಳ್ಳಿಯ ನೀರಿನ ಅಗತ್ಯವನ್ನು ಗಣಿಯ ಸಂಸ್ಥೆಯೇ ಪೂರೈಸಬೇಕು ಎಂಬುದೇ ಆ ಷರತ್ತು. ಓದಲು ಸರಳವಾದ ವಾಕ್ಯ. ಆದರೆ ‘ಗಣಿಯ ನೀರನ್ನು ಹೊರಹಾಕಿದ್ದರಿಂದ’ ಎಂಬ ಒಂದು ಮಾತಿನ ಮೇಲೆ ಇಡೀ ವಿವಾದ ನಿಂತಿರುತ್ತದೆ. ಬಾವಿ ಬತ್ತಿತೆಂದು ರೈತ ಹೇಳುತ್ತಾನೆ. ಈ ವರ್ಷ ಮಳೆ ಕಡಿಮೆ, ಅಲ್ಲದೆ ಹತ್ತಿಗೂ ತರಕಾರಿಗೂ ನೀರು ಹಾಯಿಸಲು ಊರಿನ ಪಂಪುಗಳೇ ಹೆಚ್ಚಿವೆ ಎಂದು ಎದುರಿನಿಂದ ಉತ್ತರ ಬರುತ್ತದೆ. ಎರಡೂ ನಿಜವಾಗಿರಬಹುದು. ಇವುಗಳನ್ನು ಬೇರ್ಪಡಿಸಿ ನೋಡುವುದಕ್ಕೆ ದಾಖಲೆಯನ್ನು ಬಿಟ್ಟರೆ ಅನ್ಯ ಉಪಾಯವಿಲ್ಲ.

ದಾಖಲೆಯನ್ನು ಓದುವ ಬಗೆ ಹೀಗೆ. ಗಣಿಯ ಪ್ರಭಾವ ತಲುಪಲಾರದಷ್ಟು ದೂರದಲ್ಲಿ, ಅದೇ ಬಗೆಯ ಶಿಲೆಯಲ್ಲಿ, ಅದೇ ಮಳೆ ಬೀಳುವ ಕಡೆ ಕೆಲವು ಬಾವಿಗಳನ್ನು ಹೋಲಿಕೆಗಾಗಿ ಇಟ್ಟುಕೊಂಡಿರಬೇಕು. ಮಳೆಯ ಕೊರತೆಯೇ ಕಾರಣವಾಗಿದ್ದರೆ ದೂರದ ಬಾವಿಗಳೂ ಹತ್ತಿರದ ಬಾವಿಗಳೂ ಹೆಚ್ಚುಕಡಿಮೆ ಸಮನಾಗಿ ಇಳಿಯುತ್ತವೆ, ಮುಂದಿನ ಒಳ್ಳೆಯ ಮಳೆಗೆ ಸಮನಾಗಿ ಏರುತ್ತವೆ. ಗಣಿಯೇ ಕಾರಣವಾಗಿದ್ದರೆ ಇಳಿತ ಗಣಿಯ ಬಳಿ ಹೆಚ್ಚಾಗಿಯೂ ದೂರ ಹೋದಂತೆ ಕಡಿಮೆಯಾಗಿಯೂ ಇರುತ್ತದೆ; ಗಣಿ ಆಳಕ್ಕೆ ಹೋದಂತೆ ಅದು ಬೆಳೆಯುತ್ತದೆ; ಒಳ್ಳೆಯ ಮಳೆಯ ವರ್ಷವೂ ನವೆಂಬರಿನ ಮಟ್ಟ ಹಿಂದಿನ ಎತ್ತರವನ್ನು ಮುಟ್ಟುವುದಿಲ್ಲ. ಬೇಸಿಗೆಯ ಆಳಕ್ಕಿಂತ ಈ ನವೆಂಬರ್ ತಿಂಗಳ ಏರಿಕೆಯೇ ಹೆಚ್ಚು ವಿಶ್ವಾಸಾರ್ಹವಾದ ಸುಳಿವು. ಮೇ ತಿಂಗಳಲ್ಲಿ ಎಲ್ಲ ಬಾವಿಗಳೂ ಇಳಿದೇ ಇರುತ್ತವೆ.

ಅಂಕಿಗಳು ಮೋಸಗೊಳಿಸುವುದೂ ಉಂಟು. ಗಣಿಯಿಂದ ಎತ್ತಿದ ನೀರನ್ನು ಹತ್ತಿರದ ಹಳ್ಳಕ್ಕೆ ಬಿಟ್ಟಾಗ ಹಳ್ಳದ ದಂಡೆಯ ಬಾವಿಗಳಿಗೆ ಬೇಸಿಗೆಯಲ್ಲಿಯೂ ಒರತೆ ಸಿಗುತ್ತದೆ. ಗಣಿಯಿಂದ ಹಾನಿಯಿಲ್ಲ, ಲಾಭವೇ ಇದೆ ಎಂದು ಅಂತಹ ಬಾವಿಯನ್ನು ತೋರಿಸುವುದು ಸುಲಭ. ಆ ಏರಿಕೆ ಪಂಪು ನಡೆಯುವವರೆಗೆ ಮಾತ್ರ. ಸಮುದ್ರದ ಸಮೀಪದ ಮುಂಬಯಿಯಂತಹ ಕಡೆಗಳಲ್ಲಿ ಉಬ್ಬರ ಇಳಿತಗಳಿಗೆ ತಕ್ಕಂತೆ ಬಾವಿಯ ಮಟ್ಟ ಒಂದೇ ದಿನದಲ್ಲಿ ವ್ಯತ್ಯಾಸಗೊಳ್ಳಬಹುದು. ಒತ್ತಡದ ಪದರದಲ್ಲಿಳಿದ ಕೊಳವೆಗಳಲ್ಲಿ ಗಾಳಿಯ ಒತ್ತಡ ಬದಲಾದರೂ ಮಟ್ಟ ಕೊಂಚ ಏರಿಳಿಯುತ್ತದೆ. ಒಂದೆರಡು ಅಳತೆಗಳಿಂದ ಯಾವ ತೀರ್ಮಾನಕ್ಕೂ ಬರಲಾಗದೆಂಬುದು ಇದರಿಂದ ವಿದಿತವಾಗುತ್ತದೆ. ಹತ್ತು ವರ್ಷಗಳ ಅಳತೆಯಿದ್ದರೆ ಅದರಲ್ಲಿ ಬರಗಾಲವೂ ಅತಿವೃಷ್ಟಿಯೂ ಬಂದುಹೋಗಿರುತ್ತವೆ, ಆಗ ಬಾವಿಯ ಸಹಜ ಸ್ವಭಾವ ತಿಳಿಯುತ್ತದೆ.

ಇಲ್ಲಿಯೇ ಅತ್ಯಂತ ದೊಡ್ಡ ಕೊರತೆ ಇರುವುದು. ಗಣಿ ಆರಂಭವಾದ ನಂತರ ಅಳತೆ ಆರಂಭಿಸಿದರೆ, ಗಣಿಗೆ ಮುನ್ನ ನೀರು ಎಲ್ಲಿತ್ತು ಎಂಬುದನ್ನು ಯಾರೂ ಸಾಧಿಸಿ ತೋರಿಸಲಾರರು. ಪರಿಸರ ಪರಿಣಾಮ ಅಧ್ಯಯನದಲ್ಲಿ ಗಣಿಯ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯ ಬಾವಿಗಳನ್ನು ನೋಡುವ ರೂಢಿಯಿದೆಯಾದರೂ ಒಂದು ವರ್ಷದ ಒಳಗಿನ ಕೆಲವು ಅಳತೆಗಳು ಬಾವಿಯ ಸ್ವಭಾವವನ್ನು ತಿಳಿಸಲು ಸಾಲವು. ಕಲ್ಲಿದ್ದಲಿರುವ ಸ್ಥಳಗಳು ಗಣಿ ತೆರೆಯುವುದಕ್ಕೆ ಬಹು ವರ್ಷಗಳ ಮೊದಲೇ ಗೊತ್ತಾಗಿರುತ್ತವೆ. ನಿಕ್ಷೇಪದ ಅನ್ವೇಷಣೆಗಾಗಿ ಕೊರೆದ ರಂಧ್ರಗಳಲ್ಲಿ ಕೆಲವನ್ನು ಮುಚ್ಚದೆ ವೀಕ್ಷಣಾ ಕೊಳವೆಗಳನ್ನಾಗಿ ಉಳಿಸಿಕೊಂಡರೆ ಹೆಚ್ಚಿನ ಖರ್ಚಿಲ್ಲದೆ ಪೂರ್ವದಾಖಲೆ ಸಿದ್ಧವಾಗುತ್ತದೆ. ಅಳೆಯುವವರು ಗಣಿಯ ಸಿಬ್ಬಂದಿಯೇ ಆಗಿದ್ದರೆ ಹಳ್ಳಿಯವರಿಗೆ ನಂಬಿಕೆ ಬಾರದಿರುವುದು ಸಹಜ. ಅಳೆಯುವ ದಿನ ಗ್ರಾಮ ಪಂಚಾಯತಿಯ ಸದಸ್ಯರೊಬ್ಬರು ಜೊತೆಯಲ್ಲಿದ್ದು ಸಹಿ ಮಾಡುವುದು, ಅಂಕಿಗಳನ್ನು ಚಾವಡಿಯ ಗೋಡೆಯ ಮೇಲೆ ಬರೆಯಿಸುವುದು ದುಬಾರಿಯ ಕೆಲಸಗಳಲ್ಲ. 2019ರ ಡಿಸೆಂಬರ್‌ನಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರಗಳೂ ಸೇರಿ ಏಳು ರಾಜ್ಯಗಳಿಗಾಗಿ ಆರಂಭವಾದ ಅಟಲ್ ಭೂಜಲ ಯೋಜನೆ, ಬಾವಿಯ ಮಟ್ಟವನ್ನು ಗ್ರಾಮಸ್ಥರೇ ಅಳೆದು ತಿಳಿಯಬೇಕೆಂಬ ತತ್ವದ ಮೇಲೆಯೇ ರೂಪುಗೊಂಡಿತು. ಅಂಕಿಗಳನ್ನು ಓದಲು ಬಲ್ಲ ಹಳ್ಳಿಯೊಡನೆ ಮಾತುಕತೆ ನಡೆಸುವುದು ಗಣಿಯವರಿಗೂ ಒಳಿತೇ. ಮಾಡದ ತಪ್ಪನ್ನು ಹೊರಬೇಕಾದ ಪ್ರಸಂಗ ಅವರಿಗೂ ಬರುವುದುಂಟು.

ಮಟ್ಟದೊಂದಿಗೆ ನೀರಿನ ಗುಣವನ್ನೂ ಪರೀಕ್ಷಿಸಬೇಕು. ಕಲ್ಲಿದ್ದಲಿನ ಜೊತೆಗಿರುವ ಗಂಧಕದ ಖನಿಜಗಳು ಗಾಳಿ ನೀರುಗಳ ಸಂಪರ್ಕಕ್ಕೆ ಬಂದಾಗ ನೀರಿನಲ್ಲಿ ಸಲ್ಫೇಟು ಮತ್ತು ಗಡಸುತನ ಹೆಚ್ಚುತ್ತವೆ. ಬತ್ತಿದ ಬಾವಿಗೆ ಬದಲಾಗಿ ಗಣಿಯ ನೀರನ್ನೇ ಹಳ್ಳಿಗೆ ಕೊಡುವಾಗ ಅದನ್ನು ಶುದ್ಧೀಕರಿಸಿ ಕೊಡಬೇಕಾದುದು ಇದರಿಂದಲೇ.

ಗಣಿಯ ಕೆಲಸ ಮುಗಿದ ದಿನ ವೀಕ್ಷಣೆಯೂ ಮುಗಿಯುತ್ತದೆಂದು ತಿಳಿಯಬಾರದು. ಪಂಪು ನಿಂತೊಡನೆ ನೀರು ಮರಳಿ ಏರತೊಡಗುತ್ತದೆ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ 3 ಕಿಲೋಮೀಟರಿಗೂ ಆಳವಾದ ಅದರ ಸುರಂಗಗಳನ್ನು ನೀರು ತುಂಬಿಕೊಂಡಿದ್ದನ್ನು ಕನ್ನಡ ನಾಡು ಕಂಡಿದೆ. ತೆರೆದ ಕಲ್ಲಿದ್ದಲು ಗಣಿಯಲ್ಲಿ ಮಣ್ಣು ತುಂಬದೆ ಉಳಿದ ಕೊನೆಯ ಹೊಂಡ ಕೆರೆಯಾಗುತ್ತದೆ. ಆಲಿಕೆ ತುಂಬಿ, ಸುತ್ತಲಿನ ಬಾವಿಗಳ ಒರತೆ ಹಿಂದಿರುಗಲು ಎಷ್ಟೋ ಮಳೆಗಾಲಗಳು ಬೇಕಾಗುತ್ತವೆ. ಸಡಿಲವಾಗಿ ತುಂಬಿದ ಮಣ್ಣಿನ ಮೂಲಕ ನೀರು ಮೊದಲಿನ ದಾರಿಯನ್ನೇ ಹಿಡಿಯುತ್ತದೆಂಬ ಭರವಸೆಯಿಲ್ಲ. ಹಳ್ಳದ ದಂಡೆಯಲ್ಲಿ ಗಣಿಯ ನೀರನ್ನೇ ನಂಬಿ ಎರಡನೆಯ ಬೆಳೆ ತೆಗೆಯುತ್ತಿದ್ದವರಿಗೆ ಆ ನೀರು ಅಂದಿಗೆ ನಿಂತುಹೋಗುತ್ತದೆ. ಕಲ್ಲಿದ್ದಲು ಮಂತ್ರಾಲಯ 2009ರಲ್ಲಿ ಹೊರಡಿಸಿದ ಗಣಿ ಮುಕ್ತಾಯದ ಮಾರ್ಗಸೂಚಿಗಳು, ಈ ಕೆಲಸಗಳಿಗಾಗಿ ಗಣಿ ನಡೆಯುತ್ತಿರುವಾಗಲೇ ಪ್ರತಿವರ್ಷ ಹಣವನ್ನು ಪ್ರತ್ಯೇಕ ಎಸ್ಕ್ರೋ ಖಾತೆಯಲ್ಲಿಡಬೇಕೆಂದು ವಿಧಿಸಿದವು. ಬಾವಿಗಳ ಅಳತೆಗೆ ತಗಲುವ ವೆಚ್ಚ ಆ ಹಣದಲ್ಲಿ ಅತಿ ಚಿಕ್ಕ ಪಾಲು: ಒಂದು ಟೇಪು, ಒಂದು ಪುಸ್ತಕ, ವರ್ಷಕ್ಕೆ ನಾಲ್ಕು ಬಾರಿ ಹಳ್ಳಿಗಳನ್ನು ಸುತ್ತಿಬರುವ ಒಬ್ಬ ಮನುಷ್ಯನ ಸಂಬಳ.